ಒರೆಸಿದ ಮೆಟ್ಟಿಲು

ಜೂನ್ ೧೭, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ. ಡಾಕ್ಟರ ಮಾತು ತಲೆ ಕೊರೆಯುತ್ತಿದೆ. ಸಕ್ಕರೆ ಏರಿದೆಯಂತೆ, ಕಾಲು ಜೋಮು ಹಿಡಿಯುವುದು ಅದಕ್ಕೇ ಅಂತೆ, ನಡೆಯಬೇಕಂತೆ. ಲಿಫ್ಟಿನ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವವನು ಎಲ್ಲಿ ನಡೆಯಲಿ? ದಿನವಿಡೀ ಮೇಲೆ ಕೆಳಗೆ ಹೋಗಿಬರುತ್ತೇನೆ, ಒಂದು ಹೆಜ್ಜೆಯೂ ಇಡದೆ.

ಅದಕ್ಕೇ ಇವತ್ತು ಊಟದ ಬಿಡುವಿನಲ್ಲಿ ಮೆಟ್ಟಿಲು ಹತ್ತಿದೆ. ಅದನ್ನು ಒರೆಸುವವಳು ನನ್ನ ಹೆಂಡತಿಯೇ ಅನ್ನುವುದು ಆಗ ಹೊಳೆಯಲೇ ಇಲ್ಲ. ತಿರುಗಿ ನೋಡಿದರೆ ಹಸಿ ಮೆಟ್ಟಿಲ ಮೇಲೆಲ್ಲ ನನ್ನ ಚಪ್ಪಲಿ ಗುರುತು. ಬಕೆಟ್ಟಿನ ನೀರು ಬದಲಿಸಿಕೊಂಡು ಬಂದ ಇವಳು ಮಂಡಿ ಹಿಡಿದುಕೊಂಡು ಹತ್ತಿ, ಮೇಲಿಂದ ಮತ್ತೆ ಒರೆಸತೊಡಗಿದಳು.

“ನಿಮ್ಮ ಕಸರತ್ತಿಗೆ ನನ್ನ ಮಂಡಿ ಯಾಕ್ರೀ ಸವೀಬೇಕು?”

“ಕೊಡಿಲ್ಲಿ, ನಾನು ಒರೆಸ್ತೀನಿ. ನೀನು ಹೋಗಿ ಲಿಫ್ಟಲ್ಲಿ ಕೂತ್ಕೋ” ಅಂದೆ.

“ನೀವು ಒರೆಸಿದ್ದನ್ನ ಮತ್ತೆ ಒರೆಸೋರು ಯಾರು?” ಅಂತ ನಕ್ಕಳು.

ಈಗ ನಿದ್ದೆಯಲ್ಲೂ ಮಂಡಿ ನೀವಿಕೊಳ್ಳುತ್ತಿದ್ದಾಳೆ. ಅದೇ ಡಾಕ್ಟರು ಇವಳಿಗೆ, ಸ್ವಲ್ಪ ಕೂರಮ್ಮ ಅಂದಿದ್ದರು. ನಾಳೆ ಸೂಪರ್‌ವೈಸರನ್ನು ಕೇಳಬೇಕು, ಅರ್ಧ ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತೇವೆ ಅಂತ. ಬೈದರೆ ಬೈಯಲಿ. ಇಬ್ಬರನ್ನೂ ಕೆಲಸದಿಂದ ತೆಗೆದುಬಿಟ್ಟರೆ? ಇಲ್ಲ, ಕೇಳಿಯೇ ಕೇಳುತ್ತೇನೆ. ಆದರೆ ಮಾತು ಹೇಗೆ ತೆಗೆಯಲಿ? ಕಣ್ಣು ಬೇರೆ ಎಳೆಯುತ್ತಿದೆ. ಕೂತು ಕೂತು ಸುಸ್ತಾಗಿದೆ ಸಾರ್ ಅಂದರೆ, ದಿನವಿಡೀ ನಿಂತೇ ಇರುವ ಆ ಮನುಷ್ಯ…