ನನ್ನ ಮೂಗನ್ನು ಎದುರಿನಿಂದ ತೋರಿಸಿ

ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮೂಗು ನಿಮ್ಮ ಕಂಪ್ಯೂಟರಿನಲ್ಲಿ ಅಡ್ಡಡ್ಡ ಮಲಗಿದೆ. ದಯವಿಟ್ಟು ಅದನ್ನು ಎಬ್ಬಿಸಿ ಕೊಡಿ.

ನಾನು ಸಾಬೂನು ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವವಳು. ಅಲ್ಲಿ ಎಲ್ಲರಿಗೂ 'ಮೂಗು ಮೇಡಂ'. ಆ ಮೂಗು ಈಗ ಕಟ್ಟಿಕೊಂಡು ಗುಲಾಬಿಗೂ ಫಿನಾಯಿಲಿಗೂ ಒಂದೇ ಮರ್ಯಾದೆ ಕೊಡುತ್ತಿದೆ. ಆದರೂ ಮೂಗಿನ ಡಾಕ್ಟರ ಮಾತು ಕೇಳಿ ನನಗೆ ಹಿಗ್ಗೋ ಹಿಗ್ಗು: ನನ್ನ ಎರಡು ಕೆನ್ನೆಯೊಳಗೂ ಒಂದೊಂದು ಖಾಲಿ ಕೋಣೆಯಂತೆ! ಬಾಡಿಗೆಗೂ ಕೊಡದೆ ಇಷ್ಟು ವರ್ಷ ಕಳೆದುಬಿಟ್ಟೆನಲ್ಲ! ಆ ಕೋಣೆಯ ನೀರು ಹೋಗುವ ಕಿಂಡಿ ನೆಲದಲ್ಲಿಲ್ಲ, ಗೋಡೆಯ ಮೇಲೆ, ಸೂರಿನ ಹತ್ತಿರ. ಯಾವ ಮೇಸ್ತ್ರಿ ಕಟ್ಟಿದನೋ! ಅಲ್ಲಿಂದ ಇಕ್ಕಟ್ಟಾದ ಓಣಿ ಹಿಡಿದು ಮೂಗಿಗೆ ಇಳಿಯಬೇಕು. "ಓಣಿ ಎಲ್ಲಿ ಮುಚ್ಚಿದೆ ಅಂತ ಕಾಣದೆ ನಾನು ಕೈ ಹಾಕಲ್ಲ, ಪಕ್ಕದಲ್ಲೇ ಕಣ್ಣಿದೆ. ಎದುರಿನಿಂದ ಕಾಣೋ ಚಿತ್ರ ತನ್ನಿ" ಎಂದರು ಡಾಕ್ಟರು.

ನೀವು ಕೊಟ್ಟದ್ದೇನು? ಹಣೆಯಿಂದ ಗಲ್ಲದವರೆಗೆ ಸೌತೆಕಾಯಿ ಹೆಚ್ಚಿದಂತೆ ಅಡ್ಡ ಬಿಲ್ಲೆಗಳು. ಅದರಲ್ಲಿ ನನ್ನ ಓಣಿ ಬರೀ ಚುಕ್ಕೆ. ನಾನು ಮತ್ತೆ ಯಂತ್ರದೊಳಗೆ ಮಲಗಬೇಕಾಗಿಯೂ ಇಲ್ಲ; ಇರುವ ಚಿತ್ರಗಳಿಂದಲೇ ಕಂಪ್ಯೂಟರು ಎದುರುನೋಟ ಜೋಡಿಸಿಕೊಡುತ್ತದಂತೆ. ಕೇಳಲು ಬಂದರೆ ನಿಮ್ಮ ಗುಮಾಸ್ತರು, "ಇಲ್ಲಿ ಎಲ್ರಿಗೂ ಅಡ್ಡ ಚಿತ್ರಾನೇ ಕೊಡೋದು. ಎದುರಿನಿಂದ ಬೇಕಾದ್ರೆ ಫಿಲ್ಮನ್ನ ನೆಟ್ಟಗೆ ನಿಲ್ಲಿಸ್ಕೊಂಡು ನೋಡಿ" ಎಂದರು. ಅಬ್ಬಾ, ಎಂಥ ಶೋಧ! ನಿಲ್ಲಿಸಿದೆ. ತಲೆಕೆಳಗೂ ಮಾಡಿದೆ. ಸಾಲಿನಲ್ಲಿದ್ದವರೆಲ್ಲ ಕತ್ತು ವಾಲಿಸಿ ಸಲಹೆ ಕೊಟ್ಟರು. "ಅಕ್ಕಾ, ನೀವೇ ಸ್ವಲ್ಪ ಮಲಗಿ ನೋಡಿ" ಎಂದಿತು ಒಂದು ಮುರಿದ ಕಾಲು. ನಕ್ಕೂ ನಕ್ಕೂ ನನಗೆ ಉಸಿರೇ ಹೋಯಿತು. ನಿಮ್ಮ ವಿಭಾಗದಲ್ಲಿ 'ಪದ್ಧತಿ' ಎಂದು ಕರೆಯುವುದು ಇದನ್ನೇ ಏನು?

ನಗು ಸಾಕು. ಮಗಳು ಹೆತ್ತು ಮನೆಗೆ ಬಂದಿದ್ದಾಳೆ. ಮಗುವನ್ನು ನನ್ನ ತೊಡೆಯ ಮೇಲಿಟ್ಟು, "ಅಮ್ಮಾ, ನೆತ್ತಿ ಮೂಸಿ ನೋಡು, ಎಷ್ಟು ಚೆನ್ನಾಗಿದೆ!" ಎಂದಳು. ಮೂಸಿದೆ. ಏನೂ ಬರಲಿಲ್ಲ. "ಹೌದು ಕಣೇ" ಎಂದೆ. ಊರಿನ ಸಾಬೂನನ್ನೆಲ್ಲ ಮೂಸಿದವಳಿಗೆ ಇದೊಂದು ದಕ್ಕಲಿಲ್ಲವಲ್ಲ!

ಈ ವಾರದೊಳಗೆ ನನಗೆ ಎದುರುನೋಟದ ಚಿತ್ರಗಳು ಬೇಕು. ನಿಮ್ಮ ಪದ್ಧತಿ ಬೇಕಾದರೆ ನಿಧಾನವಾಗಿ ಬದಲಾಗಲಿ. ಮಗು ಮಾತ್ರ ದಿನದಿನಕ್ಕೂ ಬೆಳೆಯುತ್ತಿದೆ. ಆ ನೆತ್ತಿಯ ಹಾಲಿನ ವಾಸನೆ ಹೋಗುವ ಮೊದಲು ನಾನು ಅಲ್ಲಿಗೆ ತಲುಪಬೇಕು.

ಇಂತಿ,
ಎದುರಿನಿಂದ ಚೆನ್ನಾಗಿಯೇ ಕಾಣುವ ಮೂಗಿನ ಒಡತಿ