ಮೈಕಿಲ್ಲದ ಕೋಣೆ

ಮಸ್ಕಿ
17 ನವೆಂಬರ್ 2024, ಭಾನುವಾರ

ಮಗಳೇ ದೀಪಾ,

ಜೈಭೀಮ್. ಹದಿನಾಲ್ಕು ತಿಂಗಳು ತಡಮಾಡಿ ಬರೆಯುತ್ತಿದ್ದೇನೆ, ತಪ್ಪಾಯಿತು. ನನ್ನ ಫೋನು ನೀನು ಎತ್ತುತ್ತಿಲ್ಲ, ಅದಕ್ಕೆ ನಿನಗೆ ಕಾರಣವಿದೆ. ಕ್ಷೇಮ ಕೇಳುವ ಮೊದಲು ಕೊಟ್ಟ ಮಾತು ಯಾವುದು, ತಪ್ಪಿದ್ದು ಯಾವುದು ಎಂದು ಬರೆಯುತ್ತೇನೆ. ಇಂಥ ಪಟ್ಟಿಯನ್ನು ಎಷ್ಟೋ ಅಧಿಕಾರಿಗಳ ಮುಖದ ಮುಂದೆ ಓದಿದವಳು ನಾನು. ನನ್ನ ಹೆಸರಿನ ಮೇಲೆ ಬರೆಯುತ್ತಿರುವುದು ಇದೇ ಮೊದಲು.

ಒಂದು. ನಿಮ್ಮಪ್ಪ ತೀರಿಕೊಂಡಾಗ ನಿನಗೆ ಒಂಬತ್ತು ವರ್ಷ. ನಿನ್ನನ್ನು ಒಂಟಿ ಬಿಡುವುದಿಲ್ಲ ಎಂದೆ. ನಾಲ್ಕನೇ ದಿನ ನಿನ್ನನ್ನು ಪಕ್ಕದ ಜಮೀಲಾಬೀ ಮನೆಯಲ್ಲಿ ಕೂರಿಸಿ ಧರಣಿಗೆ ಹೋದೆ.

ಎರಡು. ಹತ್ತನೇ ಕ್ಲಾಸಿನ ಪರೀಕ್ಷೆಗೆ ದಿನಾ ಬಂದು ಗೇಟಿನ ಹತ್ತಿರ ನಿಲ್ಲುತ್ತೇನೆ ಎಂದೆ. ಒಂದೇ ದಿನ ಬಂದೆ. ಅವತ್ತೂ ಅಲ್ಲಿ ನಿಂತ ತಾಯಂದಿರಿಗೆ ಕರಪತ್ರ ಹಂಚಿದೆ.

ಮೂರು. ನೀನು ಸಿಂಧನೂರಿನಲ್ಲಿ ಹೈಸ್ಕೂಲ್ ಮೇಡಂ ಆದಾಗ ನಿನ್ನ ಮನೆಯಲ್ಲಿ ಒಂದು ವಾರ ಇರುತ್ತೇನೆ ಎಂದೆ. ಎರಡು ತಾಸು ಇದ್ದೆ. ಚಾ ಕೂಡ ನಿಂತುಕೊಂಡೇ ಕುಡಿದೆ.

ನಾಲ್ಕನೆಯದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಮುಂದಿನದು ಬರೆಯಲಾಗುವುದಿಲ್ಲ.

ಈ ಪತ್ರದಲ್ಲಿ ಬೇಡಿಕೆ ಒಂದೇ. ನೀನು ನನ್ನ ಜೊತೆ ಮತ್ತೆ ಮಾತಾಡಬೇಕು. ಒಪ್ಪದಿದ್ದರೆ ಉಗ್ರ ಹೋರಾಟ ಎಂಬ ಎಚ್ಚರಿಕೆಯ ಸಾಲನ್ನು ಈ ಸಲ ಬಿಟ್ಟಿದ್ದೇನೆ.

ಇಲ್ಲಿ ಎಲ್ಲರೂ ಆರಾಮ ಇದ್ದಾರೆ. ಸಂತೆಕಲ್ಲೂರಿನ ಕಡೆ ಜೋಳ ಮೊಳಕಾಲುದ್ದ ಬಂದಿದೆ. ಬಳಗಾನೂರಿನ ಗದ್ದೆಗೆ ಕೊಯ್ಲಿನ ಮಷೀನು ಇಳಿಯುವ ಮೊದಲು ಹೆಂಗಸರ ಕೂಲಿಯ ಮಾತು ಇತ್ಯರ್ಥವಾಗಬೇಕೆಂದು ನಮ್ಮ ಕೂಲಿ ಸಂಘದವರು ಓಡಾಡುತ್ತಿದ್ದಾರೆ. ಜಮೀಲಾಬೀ ಹೊಲಿಗೆ ಮಷೀನಿಗೆ ಮೋಟಾರು ಹಾಕಿಸಿದ್ದಾಳೆ. ಕಾಲಿಗೆ ಕೆಲಸ ತಪ್ಪಿದ್ದೇ ಬಾಯಿಗೆ ದುಪ್ಪಟ್ಟು ಕೆಲಸ ಹಚ್ಚಿದ್ದಾಳೆ. ನಿನ್ನ ನರಸಣ್ಣ ಕಾಕಾ ಹಲಗಿಗೆ ಹೊಸ ಚರ್ಮ ಬಿಗಿದಿದ್ದಾನೆ. ಬೆಳಿಗ್ಗೆ ಬಂದು ನನ್ನ ಕಟ್ಟೆಯ ಮೇಲೆಯೇ ಬಾರಿಸಿ ನೋಡುತ್ತಾನೆ.

ನನ್ನ ಸುದ್ದಿ ನಿನ್ನವರೆಗೆ ಬಂದಿರಲಿಕ್ಕಿಲ್ಲ. ಹೇಳಬೇಡಿ ಎಂದು ನಾನೇ ಎಲ್ಲರ ಬಾಯಿ ಕಟ್ಟಿದ್ದೆ.

ಈ ಫೆಬ್ರುವರಿಯಲ್ಲಿ ಸಿಂಧನೂರಿನಲ್ಲಿ ಧರಣಿ ಇತ್ತು. ಇನ್ನೂರು ಹೆಂಗಸರು, ಕೈಯಲ್ಲಿ ಮೈಕು. 'ಬೇಕೇ ಬೇಕು' ಎಂದೆ, 'ನ್ಯಾಯ ಬೇಕು' ಎಂದು ಅವರು ಅಂದರು. ಎರಡನೇ ಸಲ ಕೂಗಲು ಹೋದೆ, ಉಸಿರು ಗಂಟಲಲ್ಲೇ ನಿಂತಿತು. ಎದೆ ಹಲಗಿಯ ಹಾಗೆ ಬಡಿಯಿತು, ಬೆರಳು ಜೋಮು ಹಿಡಿದವು, ಕಣ್ಣ ಮುಂದಿನ ಹೆಂಗಸರು ದೂರ ದೂರ ಸರಿದರು. ಸತ್ತೆ ಎಂದುಕೊಂಡೆ. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಡಾಕ್ಟರು ಎದೆಗೆ ವೈರು ಹಚ್ಚಿ ಕಾಗದ ನೋಡಿ, "ಹಾರ್ಟ್ ಭೇಷ್ ಐತ್ರಿ ನಿಮ್ದು, ನನ್ನದಕ್ಕಿಂತ ಗಟ್ಟಿ ಐತಿ" ಎಂದರು.

ಆಮೇಲೆ ಮೂರು ಸಲ ಹಾಗೇ ಆಯಿತು. ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ, ಒಮ್ಮೆ ಮನೆಯಲ್ಲೇ. ಬಸ್ಸು ಹತ್ತುವುದು ಬಿಟ್ಟೆ, ಸಂತೆ ಬಿಟ್ಟೆ, ಸಂಘದ ಆಫೀಸು ಬಿಟ್ಟೆ. ಇನ್ನೂರು ಜನರನ್ನು ಬೀದಿಗೆ ತರುತ್ತಿದ್ದವಳು ಹೊಸ್ತಿಲು ದಾಟಬೇಕಾದರೆ ಜಮೀಲಾಬೀ ಕೈ ಹಿಡಿಯಬೇಕಿತ್ತು. ಅವಳು ದರ್ಗಾಕ್ಕೆ ಕರೆದುಕೊಂಡು ಹೋಗಿ ದಾರ ಕಟ್ಟಿಸಿದಳು. ಜೀವಮಾನವೆಲ್ಲ ತಾಯಿತ, ದಾರ ಹರಿದು ಒಗೆಯಿರಿ ಎಂದು ಭಾಷಣ ಮಾಡಿದವಳು ಸುಮ್ಮನೆ ಕೈ ಚಾಚಿದೆ. ದಾರ ಇನ್ನೂ ಇದೆ. ಕಟ್ಟಿದವಳು ಬೇಜಾರಾಗುತ್ತಾಳೆಂದು ಬಿಚ್ಚಿಲ್ಲ.

ನಾಲ್ಕನೇ ಸಲ ವೈರು ಹಚ್ಚಿದ ಡಾಕ್ಟರೇ ಲಿಂಗಸುಗೂರಿನ ವಿಳಾಸ ಬರೆದುಕೊಟ್ಟರು. ಇಂಥದ್ದಕ್ಕೆ ಮಾತಿನ ಚಿಕಿತ್ಸೆ ಇದೆ, ಗಂಗಾದೇವಿ ಎಂಬ ಆಪ್ತಸಮಾಲೋಚಕಿ ಇದ್ದಾರೆ, ಹೋಗಿ ಎಂದರು. ನರಸಣ್ಣ ಸಿಡುಕಿದ: "ಅದು ತಲಿಕೆಟ್ಟವ್ರು ಹೋಗೂ ಜಾಗ. ನಮ್ಮ ಆದಮ್ಮಕ್ಕನ ತಲಿ ಕೆಟ್ಟಿಲ್ಲ, ಸರಕಾರದ್ದು ಕೆಟ್ಟೈತಿ."

ಆದರೂ ಹೋದೆವು. ಹೇಗೆ ಹೋದೆವು ಕೇಳು, ನಗು ಬಂದರೆ ನಗು. ಯಾವ ಅಧಿಕಾರಿಯ ಕೋಣೆಗೂ ಒಬ್ಬರೇ ಹೋಗಬಾರದು, ಹೋದರೆ ಕೊಂಡುಕೊಳ್ಳುತ್ತಾರೆ ಅಥವಾ ಹೆದರಿಸುತ್ತಾರೆ. ಇದು ನಮ್ಮ ಸಂಘದ ಮೊದಲ ಪಾಠ. ಹಾಗಾಗಿ ನಿಯೋಗ ಹೋಯಿತು: ನಾನು, ನರಸಣ್ಣ, ಜಮೀಲಾಬೀ. ಕೈಯಲ್ಲಿ ಮನವಿ ಪತ್ರ. ವಿಷಯ: ಉಸಿರು ನಿಲ್ಲುತ್ತಿರುವ ಕುರಿತು. ಬೇಡಿಕೆಗಳು: ಹದಿನೈದು ದಿನದೊಳಗೆ ಧ್ವನಿ ವಾಪಸ್ ಬರಬೇಕು, ಗುಳಿಗೆ ಕೊಡಬಾರದು, ಊರಿಗೆ ಗೊತ್ತಾಗಬಾರದು. ನಕಲು ಪ್ರತಿ ಬೇರೆ.

ಹಲ್ಲಿನ ಡಾಕ್ಟರ ಮಾಳಿಗೆಯ ಮೇಲೆ ಸಣ್ಣ ಕೋಣೆ, ಎರಡು ಕುರ್ಚಿ. ಗಂಗಾದೇವಿ ನಿನ್ನದೇ ವಯಸ್ಸಿನವಳು. ಮನವಿಯನ್ನು ಪೂರ್ತಿ ಓದಿದಳು. ಸ್ವೀಕೃತಿ ಹಾಕಿ ಎಂದೆ. ನಗಲಿಲ್ಲ. ನಕಲು ಪ್ರತಿಗೆ ಸಹಿ ಮಾಡಿ ತಾರೀಖು ಬರೆದಳು. ಆಮೇಲೆ ಹೇಳಿದಳು: "ಮೂರನೇದು ಈಗಿಂದೀಗ ಒಪ್ಪಿದೆ, ಇಲ್ಲಿ ಆಡಿದ್ದು ಇಲ್ಲೇ ಇರ್ತದ. ಗುಳಿಗಿ ಕೊಡಾಕಿ ನಾ ಅಲ್ಲ. ಬೇಕಂದ್ರ ಡಾಕ್ಟರು ಹೇಳ್ತಾರ. ಹದಿನೈದು ದಿನದ ಮಾತು ಮಾತ್ರ ನಾ ಕೊಡೂದಿಲ್ಲ. ಇನ್ನ ಉಳದವ್ರು ಕೆಳಗ ಹೋಗಿ ಚಾ ಕುಡೀರಿ, ನಾನೂ ಅಮ್ಮಾರೂ ಮಾತಾಡ್ತೀವಿ."

ನರಸಣ್ಣ ಎದ್ದೇ ನಿಂತ. "ನಿಯೋಗದಾಗ ಒಬ್ಬರನ್ನ ಒಳಗ ಇಟಗೊಂಡು ಉಳದವ್ರನ್ನ ಹೊರಗ ಕಳಸೂದು ಹಳೇ ಆಟ ಮೇಡಂ. ತಹಶೀಲ್ದಾರ ಮಾಡಿ ನೋಡ್ಯಾನ."

"ಲೇ ನರಸಣ್ಣ," ಜಮೀಲಾಬೀ ಅವನ ತೋಳು ಜಗ್ಗಿದಳು, "ಆಕಿ ಉಸಿರು ನಿಂತೈತಿ, ನಿಂದೇನು ನಿಂತೈತಿ? ನಡಿ."

ಆದರೆ ಅವತ್ತು ನಾನೂ ಎದ್ದು ಅವರ ಹಿಂದೆ ಬಂದುಬಿಟ್ಟೆ. ಒಬ್ಬಳೇ ಕೂರಲು ಆಗಲಿಲ್ಲ ದೀಪಾ. ಲಾಠಿಗೆ ಬೆನ್ನು ಕೊಟ್ಟವಳು ಒಂದು ಖಾಲಿ ಕುರ್ಚಿಗೆ ಹೆದರಿದೆ.

ಹದಿನೈದು ದಿನ ಬಿಟ್ಟು ಕೋಣೆಗೆ ಒಬ್ಬಳೇ ಹೋದೆ. ಜಮೀಲಾಬೀ ಲಿಂಗಸುಗೂರಿನ ಬಸ್ ಸ್ಟ್ಯಾಂಡಿನವರೆಗೆ ಕೈ ಹಿಡಿದು ಬಂದು ಅಲ್ಲೇ ಕೂತಳು. ಗಂಗಾದೇವಿ "ಹೇಳ್ರಿ ಅಮ್ಮಾ" ಎಂದದ್ದೇ ತಡ, ಮುಕ್ಕಾಲು ತಾಸು ಕಾಲುವೆ ಬಂದದ್ದು, ಜಮೀನು ಯಾರ ಪಾಲಾದದ್ದು, ಕೂಲಿ ಹೋರಾಟ ಎಲ್ಲ ಹೇಳಿದೆ. ಕೇಳಿದಳು. ಆಮೇಲೆ, "ಇಷ್ಟರಾಗ ಆದಮ್ಮ ಯಾವಾಗ ಅತ್ತಾರ್ರೀ?" ಎಂದಳು. ನನಗೆ ಸಿಟ್ಟು ಬಂತು. "ಅತ್ತರ ಕೂಲಿ ಹೆಚ್ಚಾಗ್ತದೇನು? ನನ್ನ ಸಂಕಟ ಈ ವ್ಯವಸ್ಥಾದಿಂದ ಬಂದೈತಿ. ನೀವು ಉಸಿರಾಡೂದು ಕಲಿಸಿದ್ರ ಗೌಡ್ರು ಗದ್ದಿ ಬಿಟ್ಟುಕೊಡ್ತಾರೇನು?"

"ಇಲ್ಲರೀ," ಎಂದಳು. "ಗದ್ದಿ ನೀವಾ ಕೇಳಬೇಕು. ಕೇಳಾಕ ಉಸಿರು ಬೇಕಲ್ಲ?"

ಅವಳು ಮಾಡಿದ್ದು ಮಂತ್ರವಲ್ಲ, ಉಪದೇಶವೂ ಅಲ್ಲ. ದೇಹದೊಳಗೆ ಅಪಾಯದ ಗಂಟೆ ಇದೆ, ನನ್ನದು ಬೆಂಕಿ ಇಲ್ಲದಾಗಲೂ ಬಾರಿಸುತ್ತಿದೆ, ಗಂಟೆ ಬಾರಿಸಿದರೆ ಮನೆ ಸುಡುವುದಿಲ್ಲ ಎಂದು ತಿಳಿಸಿದಳು. ಉಸಿರನ್ನು ನಿಧಾನ ಬಿಡುವುದು ಕಲಿಸಿದಳು. ಒಂದು ನೋಟ್‌ಬುಕ್ ಇಡಿಸಿದಳು. ಎದೆ ಬಡಿದಾಗ ಏನು ಹೊಳೆಯಿತು, ಆಮೇಲೆ ನಿಜವಾಗಿ ಏನಾಯಿತು, ಎರಡನ್ನೂ ಬರೆಯಬೇಕು. 'ಈಗ ಸಾಯ್ತೀನಿ' ಎಂದು ಹನ್ನೊಂದು ಸಲ ಬರೆದಿದ್ದೇನೆ. ಎದುರಿಗೆ ಹನ್ನೊಂದು ಸಲ 'ಸಾಯಲಿಲ್ಲ' ಎಂದು ಬರೆದಿದ್ದೇನೆ. ಹಟಮಾರಿಗೆ ಸಾಕ್ಷಿ ಬೇಕಲ್ಲವೇ, ಸಾಕ್ಷಿ ನನ್ನ ಕೈಬರಹದಲ್ಲೇ ಇದೆ.

ಹೆದರಿದ್ದರಿಂದ ದೂರ ಓಡಿದಷ್ಟೂ ಹೆದರಿಕೆ ಬೆಳೆಯುತ್ತದಂತೆ. ಅದಕ್ಕೆ ಮೆಟ್ಟಿಲು ಮಾಡಿದೆವು. ಮೊದಲ ವಾರ ಮನೆಯಲ್ಲಿ, ಬಂದ್ ಮಾಡಿದ ಮೈಕು ಹಿಡಿದು ಸುಮ್ಮನೆ ನಿಲ್ಲುವುದು. ನರಸಣ್ಣ ಎದುರಿಗೆ ಕೂತು ನೋಡುತ್ತಿದ್ದ. "ಇಪ್ಪತ್ತು ವರ್ಷದಾಗ ನೀ ಮೈಕ್ ಹಿಡದು ಬಾಯಿ ಮುಚ್ಚಿದ್ದು ಇವತ್ತಾ ನೋಡಿದೆ ಅಕ್ಕಾ, ಭಾಳ ಚಂದ ಕಾಣ್ತಿ" ಎಂದ. ಆಮೇಲೆ ಐದು ಜನರ ಮುಂದೆ ಎರಡು ಮಾತು. ಆಮೇಲೆ ಬಸ್ಸಿನಲ್ಲಿ ಒಬ್ಬಳೇ ಒಂದು ಸ್ಟಾಪು. ಆಮೇಲೆ ದಢೇಸುಗೂರಿನ ಕಾಲುವೆ ದಂಡೆಯ ಮೇಲೆ ಇಪ್ಪತ್ತು ಹೆಂಗಸರು. ಬಳಗಾನೂರಿನಲ್ಲಿ ಮತ್ತೆ ಉಸಿರು ಹಿಡಿಯಿತು. ಈ ಸಲ ಓಡಲಿಲ್ಲ. "ಸ್ವಲ್ಪ ತಡೀರಿ, ನನ್ನ ಎದಿ ಬಡಕೊಳ್ಳಾಕತ್ತೈತಿ" ಎಂದು ಮೈಕಿನಲ್ಲೇ ಹೇಳಿ ಕೂತೆ. ಸಭೆ ಕಾಯಿತು. ಹಿಂದಿನಿಂದ ಒಬ್ಬ ಮುದುಕಿ, "ನನಗೂ ಹಾಂಗ ಆಗ್ತೈತವ್ವಾ, ಯಾರಿಗೆ ಹೇಳಾಕ ಬರ್ತದ" ಎಂದಳು. ಅವಳ ಪಕ್ಕದವಳು "ನನಗೂ" ಎಂದಳು.

ಪೂರ್ತಿ ಗುಣವಾಗಿಲ್ಲ. ಆದರೆ ಈಗ ಒಬ್ಬಳೇ ಬಸ್ಸು ಹತ್ತುತ್ತೇನೆ, ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತೇನೆ.

ಬಳಗಾನೂರಿನಿಂದ ಬರುವಾಗ ದಾರಿಯುದ್ದಕ್ಕೂ ಆ ಮುದುಕಿಯದೇ ಯೋಚನೆ. ಬಡವರಿಗೆ ಹೊಟ್ಟೆ ಮಾತ್ರ ಇರುತ್ತದೆ, ಮನಸ್ಸು ಇರುವುದಿಲ್ಲ ಎಂದು ಇವಳಿಗೆ ಹೇಳಿಕೊಟ್ಟವರು ಯಾರು? ಬೇರೆ ಯಾರಾದರೂ ಹೇಳಿದ್ದರೆ ಚಪ್ಪಲಿ ತೋರಿಸುತ್ತಿದ್ದೆ. ಊರೂರು ತಿರುಗಿ ಹೇಳಿದವಳು ನಾನೇ. ದುಃಖ ಅಂದರೆ ಸಂಘಕ್ಕೆ ಬಾ ಅಂದೆ. ನಿದ್ದೆ ಇಲ್ಲ ಅಂದರೆ ಮೆರವಣಿಗೆಗೆ ಬಾ ಅಂದೆ. ಬಂದರು ಪಾಪ. ಘೋಷಣೆ ಕೂಗಿದರು, ಮನೆಗೆ ಹೋಗಿ ನಿದ್ದೆ ಇಲ್ಲದೆ ಬಿದ್ದುಕೊಂಡರು. ಈ ಸಲದ ನಮ್ಮ ಮನವಿಯಲ್ಲಿ ಕೂಲಿಯ ಜೊತೆ ಇನ್ನೊಂದು ಸಾಲು ಸೇರಿದೆ: ಮಸ್ಕಿಯಲ್ಲೂ ಬಾಗಿಲು ಹಾಕಿಕೊಂಡು ಮಾತಾಡುವಂಥ ಒಂದು ಕೋಣೆ ಬೇಕು, ಕೇಳಲು ಕಲಿತವರೊಬ್ಬರು ಬೇಕು. ನರಸಣ್ಣ ಆ ಸಾಲಿಗೂ ಹಲಗಿ ಬಾರಿಸುತ್ತಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮಕ್ಕಳ ಪೇಪರು ತಿದ್ದುವಾಗ ಕುತ್ತಿಗೆ ಬಗ್ಗಿಸಿಕೊಂಡೇ ಕೂರಬೇಡ. ನಿನ್ನ ಬೆಳಗುಗಳು ಹಗುರಾಗಲಿ ನನ್ನವ್ವ. ನನ್ನ ಆಯುಷ್ಯದಲ್ಲಿ ಧೈರ್ಯ ಅಂತ ಏನಾದರೂ ಉಳಿದಿದ್ದರೆ ಅದು ನಿನಗಿರಲಿ.

ನಿನ್ನ ಅವ್ವ,
ಆದಮ್ಮ

ಮರೆತಿಲ್ಲ. ನಾಲ್ಕನೆಯದು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನನ್ನ ಒಲೆಯ ಮುಂದೆ ಕೂತು ನೀನು ಹೇಳಿದೆ: "ಅವ್ವಾ, ಎಂಟು ತಿಂಗಳಾತು ನನಗ ಮುಂಜಾನೆ ಏಳಾಕ ಆಗವಲ್ದು. ಒಬ್ಬರ ಕಡೆ ಹೋಗಿ ಮಾತಾಡಾಕತ್ತೀನಿ. ಸ್ವಲ್ಪ ಬೆಳಕು ಕಾಣಾಕತ್ತೈತಿ. ಯಾರಿಗೂ ಹೇಳಬ್ಯಾಡ." ಹೇಳುವುದಿಲ್ಲ ಎಂದೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಎಂದೆ.

ಆರನೇ ದಿನಕ್ಕೆ ಮಸ್ಕಿಯಲ್ಲಿ ಹೆಂಗಸರ ಸಮಾವೇಶ. ನೀನು ನಿನ್ನ ಶಾಲೆಯ ಇಬ್ಬರು ಮೇಡಂಗಳನ್ನು ಕರೆದುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದೆ, ನಿಮ್ಮವ್ವನ ಮಾತು ಕೇಳಿಸಲು. ನಾನು ಮೈಕಿನಲ್ಲಿ ಹೇಳಿದೆ: "ನಮ್ಮವ್ವ ಸೊಂಟ ಮುರಿಯುವಂಗ ಕೆಸರಾಗ ಸಸಿ ಹಚ್ಚಿದಳು, ಒಂದಿನ ಮನಸ್ಸು ಸರಿಯಿಲ್ಲ ಅನಲಿಲ್ಲ. ಈಗ ನನ್ನ ಮಗಳನ್ನ ನೋಡ್ರಿ, ಫ್ಯಾನಿನ ಕೆಳಗ ಕುಂತು ಪಗಾರ ತಗೊಳ್ಳಾಕಿ, ಅಳಾಕೂ ಅಪಾಯಿಂಟ್‌ಮೆಂಟ್ ತಗೊಂಡು ಹೋಗ್ತಾಳ!" ಜನ ನಕ್ಕರು, ಚಪ್ಪಾಳೆ ಹೊಡೆದರು. ನಿನ್ನ ಮೇಡಂಗಳು ತಲೆ ತಗ್ಗಿಸಿದರು. ನೀನು ಬ್ಯಾಗು ಎತ್ತಿಕೊಂಡು, ಕೂತವರ ಕಾಲು ದಾಟಿ ದಾಟಿ, ಹೊರಗೆ ಹೋದೆ.

ನೋವನ್ನು ಮನೆಯೊಳಗೆ ಮುಚ್ಚಿಡಬಾರದು, ಬೀದಿಗೆ ತರಬೇಕು ಎಂದು ಕಲಿತವಳು ನಾನು. ನಿನ್ನ ನೋವನ್ನು ನಿನ್ನನ್ನು ಕೇಳದೆ ಬೀದಿಗೆ ತಂದೆ. ಅದು ಹೋರಾಟವಲ್ಲ, ಕಳವು.

ಉಸಿರು ಮೊದಲು ನಿಂತದ್ದು ಸಿಂಧನೂರಿನಲ್ಲಿ ಎಂದು ಗಂಗಾದೇವಿಗೆ ಹೇಳಿದ್ದೆ. ಹೋದ ತಿಂಗಳು ಬಾಯಿ ಬಿಟ್ಟೆ. ಮೊದಲು ನಿಂತದ್ದು ನೀನು ಪೆಂಡಾಲಿನ ಪರದೆ ಸರಿಸಿ ಹೋದ ಆ ಗಳಿಗೆಯಲ್ಲಿ. ಮುಂದಿನ ಮಾತು ಹೊರಡಲಿಲ್ಲ. ಬಿಸಿಲಿಗೆ ಹಾಗಾಯಿತೆಂದು ತಿಳಿದು ನರಸಣ್ಣ ಹಲಗಿ ಬಾರಿಸಿ ಅದನ್ನು ಮುಚ್ಚಿದ. ಇದನ್ನು ಹೇಳಿ ಅವಳ ಮುಂದೆ ಅತ್ತೆ. ನಿಮ್ಮಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಆ ದಿನದಿಂದ ನೀನು ನಿನ್ನ ಚಿಕಿತ್ಸೆಗೆ ಹೋಗುವುದನ್ನೇ ಬಿಟ್ಟೆ ಎಂದು ಜಮೀಲಾಬೀ ಮೊನ್ನೆ ಹೇಳಿದಳು. ಸ್ಟಾಫ್ ರೂಮಿನಲ್ಲಿ ಕೇಳಿ ಕೇಳಿ ಚುಚ್ಚಿದರಂತೆ. ನಿನಗೆ ಕಾಣುತ್ತಿದ್ದ ಬೆಳಕಿಗೆ ನಾನೇ ಅಡ್ಡ ನಿಂತೆ. ಕ್ಷಮಿಸು ಎಂದು ಕೇಳುತ್ತೇನೆ, ಕ್ಷಮಿಸಲೇಬೇಕು ಎನ್ನುವುದಿಲ್ಲ. ನೀನು ಮೊದಲು ಹೋಗಿ ಮಾತಾಡುತ್ತಿದ್ದವರ ಬಳಿಗೇ ಮತ್ತೆ ಹೋಗು. ನಾನು ಹೋಗುವ ಲಿಂಗಸುಗೂರಿನ ಕೋಣೆಗೆ ಬರುವುದಾದರೆ ಒಮ್ಮೆ ಬಾ. ಗಂಗಾದೇವಿ ಎರಡನ್ನೂ ಸರಿ ಎಂದಿದ್ದಾಳೆ. ಅಲ್ಲಿ ಮೈಕಿಲ್ಲ. ನೀನು ಬೈದರೂ ಕೇಳುತ್ತೇನೆ, ಸುಮ್ಮನೆ ಕೂತರೂ ಪಕ್ಕದಲ್ಲಿ ಕೂರುತ್ತೇನೆ.

ನನ್ನ ದಿನ ಗುರುವಾರ ಇತ್ತು. ಶನಿವಾರ ನಿನಗೆ ಬೆಳಗಿನ ಶಾಲೆ ಎಂದು ಕೇಳಿ ಬದಲಿಸಿಕೊಂಡಿದ್ದೇನೆ. ಸಿಂಧನೂರಿನಿಂದ ಹೊರಟ ಬಸ್ಸು ಮಸ್ಕಿಯ ಮೇಲೆಯೇ ಲಿಂಗಸುಗೂರಿಗೆ ಹೋಗುತ್ತದೆ. ನಾನು ಮಸ್ಕಿಯಲ್ಲಿ ಹತ್ತಿ ಮೊದಲು ಕಿಟಕಿಯ ಸೀಟುಗಳನ್ನು ನೋಡುತ್ತೇನೆ. ನೀನು ಕಾಣದಿದ್ದರೂ ಹೋಗುತ್ತೇನೆ, ಮೂರನೆಯ ಕುರ್ಚಿ ಹಾಕಿಸಿರುತ್ತೇನೆ.

ನವೆಂಬರ್ ಇಪ್ಪತ್ಮೂರು, ಶನಿವಾರ, ಮಧ್ಯಾಹ್ನ ಮೂರು ಗಂಟೆ.