ಬೀಡಿ ಬಿಟ್ಟವರ ಮಾತ್ರೆ

ಮಧುಗಿರಿ
ಬುಧವಾರ, 12 ನವೆಂಬರ್ 2025

ಪ್ರೀತಿಯ ಅತ್ತೆಗೆ,

ನಿಮ್ಮ ಮಂಡಿನೋವು ಹೇಗಿದೆ? ಸಹನಾಳ ಆಪರೇಷನ್ ಗಾಯ ಒಣಗಿತೇ? ಮಗಳ ಮನೆಯಲ್ಲಿ ನೀವು ಸುಮ್ಮನೆ ಕೂರುವವರಲ್ಲ, ಗೊತ್ತು. ನೀರಿನ ಕೊಡ ಮಾತ್ರ ಎತ್ತಬೇಡಿ. ಫೋನ್ ಬಿಟ್ಟು ಬರೆಯುತ್ತಿದ್ದೇನೆಂದು ಬೇಸರಿಸಬೇಡಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ.

ನಿಮ್ಮ ಮಗನ ಕಿವಿಯಲ್ಲಿ ಯಾರೋ ಬೈಯುವ ಕಾಟ ಆ ಕ್ಲೋಜಪೀನ್ ಮಾತ್ರೆಯಿಂದ ನಿಂತು ವರ್ಷಗಳಾದವು, ಹೊಲಿಗೆ ಅಂಗಡಿಗೂ ಹೋಗುತ್ತಿದ್ದರು. ನೀವು ಹೊರಟ ಮೇಲೆ ಅದೇ ಮಾತ್ರೆಗೆ ಹಗಲೆಲ್ಲ ತೂಕಡಿಕೆ, ದಿಂಬು ನೆನೆಯುವಷ್ಟು ಜೊಲ್ಲು, ನಡೆದರೆ ತೂರಾಟ. ಮೈದುನ ತಿಪ್ಪೇಶ್ ಬಾಗಿಲಲ್ಲಿ ನಿಂತು, "ಅತ್ಗೆ, ಎಷ್ಟು ಮಾತ್ರೆ ಕೊಡ್ತಿದೀಯಾ, ನಿಜ ಹೇಳ್ಬುಡು" ಎಂದ. ಮೈ ಉರಿದುಹೋಯಿತು. ನಾನೂ ಸುಮ್ಮನಿರಲಿಲ್ಲ. ಬೇರೆ ಮಾತ್ರೆ ಕೊಟ್ಟಿದ್ದೀರೆಂದು ಮೆಡಿಕಲ್ ಸ್ಟೋರಿನಲ್ಲಿ ಜಗಳವಾಡಿ ಬಂದೆ. ತಿಪ್ಪೇಶನೇ ಟೀಯಲ್ಲಿ ಇನ್ನೊಂದು ಮಾತ್ರೆ ಹಾಕುತ್ತಿದ್ದಾನೋ ಎಂದು ಇವರ ಲೋಟ ಕಸಿದು ಕುಡಿದೆ. ತಪ್ಪು ತಿಳಿಯಬೇಡಿ, ನೀವು ಅವರ ದಿಂಬಿನಡಿ ಇಟ್ಟುಹೋದ ವಿಭೂತಿಯನ್ನೂ ನಾಲಿಗೆಗೆ ಹಚ್ಚಿ ನೋಡಿದೆ. ಬರೀ ವಿಭೂತಿಯೇ.

ತುಮಕೂರಿನ ಡಾಕ್ಟರಮ್ಮ, ಬೆಳಗಿನ ಮಾತ್ರೆ ಕೊಡುವ ಮುಂಚೆ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಔಷಧಿ ರಕ್ತದಲ್ಲಿ ಮುನ್ನೂರೈವತ್ತರಿಂದ ಆರುನೂರರೊಳಗೆ ಇದ್ದರೆ ಗುಣ ಕೊಡುತ್ತದಂತೆ. ಕಡಿಮೆಯಾದರೆ ಹಿಡಿಯುವುದಿಲ್ಲ, ಸಾವಿರ ದಾಟಿದರೆ ಅದೇ ವಿಷ, ಫಿಟ್ಸ್ ಕೂಡ ಬರಬಹುದು. ಇವರದು ಸಾವಿರದ ಇನ್ನೂರು. ಡಾಕ್ಟರಮ್ಮನೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕೇಳಿದರು: "ಬೀಡಿ ಬಿಟ್ರಾ?"

ಬಿಟ್ಟಿದ್ದರು. ತಂಗಿಯ ಆಪರೇಷನ್ ಸುಸೂತ್ರವಾಗಲೆಂದು ನೀವೇ ಮನೆದೇವರ ಮುಂದೆ ಕರ್ಪೂರ ಮುಟ್ಟಿಸಿ, "ಇನ್ಮೇಲೆ ಬೀಡಿ ಮುಟ್ಟಿದ್ರೆ ನನ್ನಾಣೆ ಕಣ್ಲಾ" ಎಂದಿರಲ್ಲ. ಕಟ್ಟುಗಟ್ಟಲೆ ಸೇದುತ್ತಿದ್ದವರು ಅಂದಿನಿಂದ ಒಂದನ್ನೂ ಸೇದಿಲ್ಲ. ಬೀಡಿಯ ಹೊಗೆ ಈ ಔಷಧಿಯನ್ನು ಮೈಯಲ್ಲಿ ಬೇಗ ಕರಗಿಸುತ್ತಿತ್ತಂತೆ. ಹೊಗೆ ನಿಂತ ಮೇಲೆ ಅಷ್ಟೇ ಮಾತ್ರೆ ಒಳಗೆ ಕೂಡುತ್ತಾ ಹೋಯಿತು. ನೀವು ಆಣೆ ಹಾಕಿಸಿದ್ದು ಒಳ್ಳೆಯದಕ್ಕೇ. ಡಾಕ್ಟರಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗ ಮಾತ್ರೆ ಕಡಿಮೆ ಮಾಡಿದ್ದಾರೆ. ಜೊಲ್ಲು ನಿಂತಿತು, ಮೊನ್ನೆ ಕೂತು ಒಂದು ಶರ್ಟಿಗೆ ಕಾಜಾ ಹಾಕಿದರು.

ಸಹನಾಳನ್ನು ನಾನು ಕೇಳಿದೆನೆಂದು ಹೇಳಿ. ದೊಡ್ಡವರು ನೀವು, ನಮ್ಮಿಬ್ಬರ ಮೇಲೂ ಆಶೀರ್ವಾದವಿರಲಿ.

ನಿಮ್ಮ ಸೊಸೆ
ವನಜಾಕ್ಷಿ

ತಾ.ಕ.: "ಅವ್ಳು ಕೊಟ್ಟಿದ್ದು ನುಂಗ್ಬ್ಯಾಡ ಕಣಪ್ಪ" ಎಂದು ನೀವು ಮೊನ್ನೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕೋಪವಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವರು ನಂಬಿಬಿಟ್ಟಿದ್ದಾರೆ. ನಿನ್ನೆಯಿಂದ ಮಾತ್ರೆ ಮುಟ್ಟಿಲ್ಲ, ತಿಪ್ಪೇಶ ಕೊಟ್ಟರೂ ಉಗುಳಿದರು. ಎರಡು ದಿನ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಂತೆ. ಇವತ್ತು ಬೆಳಿಗ್ಗೆ ಗೋಡೆಯ ಕಡೆ ತಿರುಗಿ ಯಾರಿಗೋ ಉತ್ತರ ಕೊಡುತ್ತಿದ್ದರು. ಈ ಕಾಗದ ತರುವ ಕಂಡಕ್ಟರ್ ಚಿಕ್ಕನರಸಯ್ಯ ಇವತ್ತೇ ವಾಪಸ್ ಬರುತ್ತಾನೆ, ಅದೇ ಬಸ್ಸಿಗೆ ಹತ್ತಿ ಬನ್ನಿ. ನಿಮ್ಮ ಕೈಯಿಂದಲೇ ಕೊಡಿ. ಮಾತ್ರೆ ಡಬ್ಬಿಯನ್ನು ನಿಮ್ಮ ಸೆರಗಿನಲ್ಲೇ ಕಟ್ಟಿಕೊಳ್ಳಿ, ನಾನು ಮುಟ್ಟುವುದಿಲ್ಲ.